ಹಿತ್ತಿಲಲ್ಲಿ ಸಿಕ್ಕ ಇಂಕ್ ಬಾಟಲಿಗಳು: ವಯಸ್ಸೆಷ್ಟು, ಬೆಲೆಯೆಷ್ಟು?

ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನವರು. ನಮ್ಮ ಮನೆಯವರ ತಾತ ಶಾನುಭೋಗರಾಗಿದ್ದರು. ಹಳೇ ಮನೆಯ ಹಿತ್ತಿಲಲ್ಲಿ ಸಂಪು ತೋಡಿಸುವಾಗ ನಾಲ್ಕಡಿ ಕೆಳಗೆ ಕಪ್ಪು ಬೂದಿಮಣ್ಣು ಬಂತು. ಅದರಲ್ಲಿ 11 ಬಾಟಲಿ ಸಿಕ್ಕಿವೆ. ಎರಡು ಕಂದು ಬಣ್ಣದ ಜಾಡಿಯಂಥವು. ಬುಡದ ಹತ್ತಿರ 'ಡೆನ್ಬಿ', 'ಆರ್ನಾಲ್ಡ್', 'ಲಂಡನ್' ಅಂತ ಇಂಗ್ಲಿಷ್ ಅಕ್ಷರ ಒತ್ತಿದೆ. ಐದು ಚಿಕ್ಕ ಗಾಜಿನವು, ತಿಳಿ ಹಸಿರು, ಕೆಲವು ಚೌಕ, ಕೆಲವು ಎಂಟು ಮೂಲೆ. ಅವುಗಳ ಬಾಯಿ ಮುರಿದ ಹಾಗೆ ಒರಟಾಗಿದೆ, ಒಳಗೆ ಕಪ್ಪಗೆ ಗಟ್ಟಿಯಾಗಿದೆ. ಒಂದು ಕಡುನೀಲಿ, ಮೈಮೇಲೆ ಗೀರುಗೀರು. ಒಂದಕ್ಕೆ ಕತ್ತಿನಲ್ಲಿ ಗೋಲಿ ಇದೆ. ಇನ್ನೆರಡು ತಿರುಪು ಮುಚ್ಚಳದವು. ಟಿಪ್ಪು ಕಾಲದ ಫ್ರೆಂಚರ ಸಾಮಾನು ಇರಬೇಕು ಅಂತ ಊರವರು ಹೇಳುತ್ತಾರೆ. ನನ್ನ ಮಗ ಫೋಟೋ ಹಾಕಿದ ಮೇಲೆ ಒಬ್ಬರು ಕಂದು ಜೋಡಿಗೆ 80,000 ರೂಪಾಯಿ ಕೊಡುತ್ತೇವೆ, ಮೊದಲು 3,500 ರಿಜಿಸ್ಟ್ರೇಷನ್ ಹಣ ಕಳಿಸಿ ಅಂದಿದ್ದಾರೆ. ಒರಟು ಬಾಯಿಯನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಬಹುದೇ? ಬಿಸಿಲಿಗಿಟ್ಟರೆ ಗಾಜು ನೇರಳೆ ಬಣ್ಣಕ್ಕೆ ತಿರುಗಿ ಬೆಲೆ ಜಾಸ್ತಿ ಆಗುತ್ತಂತೆ, ನಿಜವೇ? ಸರ್ಕಾರಕ್ಕೆ ತಿಳಿಸಬೇಕೇ? ಇನ್ನೂ ಅಗೆಸಬಹುದೇ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ. ಎಲ್ಲದರ ಹಿಂದೆ ಇರುವ ಆತಂಕ ಮಾತ್ರ ಒಂದೇ. ಕೈಗೆ ಬಂದಿರುವುದು ನಿಧಿಯೋ ಕಸವೋ ಗೊತ್ತಾಗುತ್ತಿಲ್ಲ, ಗೊತ್ತಾಗುವುದರೊಳಗೆ ಏನಾದರೂ ಕೆಡಿಸಿಬಿಟ್ಟರೆ ಅನ್ನುವ ಭಯ. ಹಳೆಯ ಗಾಜು, ಜಾಡಿಗಳ ಕೆಲಸ ಮಾಡುವ ನನಗೆ ಇಂಥ ಪತ್ರ ಬಂದಾಗ ಸಂತೋಷವಾಗುತ್ತದೆ. ಹೆಚ್ಚಿನವರು ಎಲ್ಲ ಉಜ್ಜಿ ತೊಳೆದ ಮೇಲೆ ಬರುತ್ತಾರೆ. ನೀವು ಮೊದಲೇ ಕೇಳಿದ್ದೀರಿ.

ಇವತ್ತೇ ಮಾಡಬೇಕಾದ್ದು ಎರಡು. ಆ 3,500 ರೂಪಾಯಿ ಕಳಿಸಬೇಡಿ. ಕೊಳ್ಳುವವನು ಮಾರುವವರ ಹತ್ತಿರ ಮುಂಗಡ ಕೇಳುವ ವ್ಯಾಪಾರ ಎಲ್ಲೂ ಇಲ್ಲ. ಹಳೇ ನಾಣ್ಯ, ಹಳೇ ನೋಟು, ರೈಸ್ ಪುಲ್ಲರ್ ಅಂತ ಜನರನ್ನು ಮುಳುಗಿಸಿದವರದೂ ಇದೇ ದಾರಿ. ಮೊದಲು ನೋಂದಣಿ, ಆಮೇಲೆ ಜಿಎಸ್‌ಟಿ, ಆಮೇಲೆ ಕೊರಿಯರ್ ಅಂತ ಕೇಳುತ್ತಲೇ ಹೋಗುತ್ತಾರೆ. ಎರಡನೆಯದು, ಉಪ್ಪುಕಾಗದವನ್ನು ಎತ್ತಿಡಿ. ಒರಟು ಬಾಯಿ ಯಾಕೆ ಮುಖ್ಯ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ಫ್ರೆಂಚರ ವಿಷಯ. ಊರವರ ಮಾತು ಸುಮ್ನೆ ಹುಟ್ಟಿದ್ದಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ನಿಮ್ಮ ಕಡೆ ಬೀಡು ಬಿಟ್ಟಿದ್ದರು. ಅದಕ್ಕೇ ಪಾಂಡವಪುರವನ್ನು ಬ್ರಿಟಿಷರು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಹಾಗಾಗಿ ಆ ನೆಲದಲ್ಲಿ ಏನು ಸಿಕ್ಕಿದರೂ ಫ್ರೆಂಚರ ನೆನಪಾಗುವುದು ಸಹಜ. ಆದರೆ ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ನಿಮ್ಮ ಬಾಟಲಿಗಳು ಅದಕ್ಕಿಂತ ತುಂಬಾ ಈಚಿನವು. ಟಿಪ್ಪು ಕಾಲದ ಕಚೇರಿಗಳಲ್ಲಿ ಕಲಮಿನಿಂದ, ಮಸಿ ಅರೆದು ಮಾಡಿದ ಶಾಯಿಯಿಂದ ಬರೆಯುತ್ತಿದ್ದರು. ಹಳ್ಳಿಯ ಶಾನುಭೋಗರ ಕೈಯಲ್ಲಿ ಕಡತ, ಬಳಪ ಇರುತ್ತಿದ್ದವು. ಇದ್ದಿಲು, ಹುಣಸೆ ಬೀಜದ ಸರಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆಯಲು ಲಂಡನ್ನಿನ ಇಂಕು ಬೇಕಿರಲಿಲ್ಲ ಅಲ್ವಾ? ಕಾಗದದ ಲೆಕ್ಕಪುಸ್ತಕ, ಸ್ಟೀಲ್ ನಿಬ್ಬು, ಸೀಮೆ ಇಂಕು ಬಂದದ್ದು ಆಮೇಲೆ. ಬೆಂಗಳೂರು-ಮೈಸೂರು ರೈಲು 1882ರ ಹೊತ್ತಿಗೆ ಓಡತೊಡಗಿದ ಮೇಲೆ ಭಾರದ ಸರಕು ನಿಮ್ಮ ಕಡೆಗೂ ಸಲೀಸಾಗಿ ಬಂತು.

ಬಾಟಲಿಯ ವಯಸ್ಸನ್ನು ಬಾಟಲಿಯ ಮೈಯಲ್ಲೇ ಓದಬೇಕು. ಬುಡ, ಬಾಯಿ, ಅಚ್ಚಿನ ಗೆರೆ, ಈ ಮೂರು ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಕಂದು ಜೋಡಿಯಿಂದ ಶುರು ಮಾಡೋಣ. ಇದು ಸ್ಟೋನ್‌ವೇರ್, ಉಪ್ಪಿನಕಾಯಿ ಜಾಡಿಯ ಜಾತಿಯದ್ದು. ಉರಿಯುವ ಗೂಡಿಗೆ ಉಪ್ಪು ಎಸೆದರೆ ಅದರ ಆವಿ ಮಣ್ಣಿನ ಮೈಗೆ ಹತ್ತಿ ಗಾಜಿನ ಹೊಳಪು ಬರುತ್ತದೆ. ಬೆರಳಾಡಿಸಿ ನೋಡಿ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಸಿಗುತ್ತದೆ. ನೀವು ಬರೆದಿರುವ ಅಕ್ಷರಗಳಿಂದ ಪೂರ್ತಿ ಮುದ್ರೆಯನ್ನು ಊಹಿಸಬಹುದು: 'ವಿಟ್ರಿಯಸ್ ಸ್ಟೋನ್ ಬಾಟಲ್ಸ್, ಜೆ. ಬೋರ್ನ್ ಅಂಡ್ ಸನ್, ಪೇಟೆಂಟೀಸ್, ಡೆನ್ಬಿ ಪಾಟರಿ, ನಿಯರ್ ಡರ್ಬಿ', ಅದರ ಜೊತೆಗೆ 'ಪಿ. ಅಂಡ್ ಜೆ. ಆರ್ನಾಲ್ಡ್, ಲಂಡನ್'. ಜಾಡಿ ಮಾಡಿದವರು ಬೋರ್ನ್, ಇಂಕು ಮಾಡಿದವರು ಆರ್ನಾಲ್ಡ್. 19ನೇ ಶತಮಾನದ ಎರಡನೇ ಅರ್ಧದಿಂದ 20ನೇ ಶತಮಾನದ ಆರಂಭದವರೆಗೆ ಬ್ರಿಟಿಷರ ಕಚೇರಿ ಇದ್ದ ಕಡೆಯೆಲ್ಲ ಇವು ಹೋಗಿವೆ. ಬಾಯಿಯ ಒಂದು ಕಡೆ ಸುರಿಯಲು ತುಟಿಯಂತೆ ಮಡಿಸಿದೆಯೇ ನೋಡಿ. ಇದ್ದರೆ ಅದು ಮೇಜಿನ ಮೇಲಿನ ದವತಿ, ಅಂದರೆ ನಿಬ್ಬು ಅದ್ದುವ ಕುಡಿಕೆ ಅಲ್ಲ, ದವತಿಗಳಿಗೆ ಇಂಕು ಬಗ್ಗಿಸುವ ದೊಡ್ಡ ಬಾಟಲಿ. ಶಾನುಭೋಗರ ಮನೆಗೆ ಒಪ್ಪುವ ವಸ್ತು.

ಇಂಕಿಗೆ ಗಾಜು ಬಿಟ್ಟು ಜಾಡಿ ಯಾಕೆ? ಆ ಕಾಲದ ಕಚೇರಿ ಇಂಕು ಕಬ್ಬಿಣದ ಇಂಕು. ಮಾಜುಫಲದಂಥ ಕಾಯಿಗಳ ಒಗರು, ಕಬ್ಬಿಣದ ಉಪ್ಪು, ಗೋಂದು ಸೇರಿಸಿ ಮಾಡುತ್ತಿದ್ದರು. ಬರೆಯುವಾಗ ತಿಳಿಯಾಗಿದ್ದು, ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ, ಕಾಗದಕ್ಕೆ ಕಚ್ಚಿ ಕೂರುತ್ತದೆ. ಹುಳಿ ಗುಣ ಇರುವುದರಿಂದ ಲೋಹದ ಪಾತ್ರೆಯನ್ನು ತಿನ್ನುತ್ತದೆ. ಜಾಡಿಗೆ ಏನೂ ಆಗುವುದಿಲ್ಲ. ಹಡಗಿನಲ್ಲಿ, ರೈಲಿನಲ್ಲಿ, ಎತ್ತಿನ ಗಾಡಿಯಲ್ಲಿ ಕುಲುಕಿದರೂ ಸುಲಭವಾಗಿ ಒಡೆಯುವುದಿಲ್ಲ. ನಿಮ್ಮ ಬಾಟಲಿಗಳಲ್ಲಿ ಕಪ್ಪಗೆ ಗಟ್ಟಿಯಾಗಿರುವುದು ಈ ಇಂಕಿನ ಚರಟ ಇರಬೇಕು.

ಇನ್ನು ಐದು ಚಿಕ್ಕ ಗಾಜಿನವು. ನನ್ನ ಮಟ್ಟಿಗೆ ನಿಮ್ಮ ಗುಂಪಿನಲ್ಲಿ ತುಂಬಾ ಇಷ್ಟವಾಗುವುದು ಇವೇ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಒಂದನ್ನು ಹಿಡಿಯಿರಿ. ಗಾಜಿನೊಳಗೆ ಗಾಳಿಗುಳ್ಳೆ ಕಾಣುತ್ತದೆ, ಬುಡದ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ತಿಳಿ ಹಸಿರು ಬಣ್ಣ ಯಾರೂ ಹಾಕಿದ್ದಲ್ಲ, ಮರಳಿನಲ್ಲಿದ್ದ ಕಬ್ಬಿಣದಿಂದ ಬಂದದ್ದು. ಭುಜದ ಮೇಲೆ ಅಡ್ಡಕ್ಕೆ ಒಂದೆರಡು ತಗ್ಗು ಇದ್ದರೆ, ಅದು ಪೆನ್ನು ಒರಗಿಸಲು ಮಾಡಿದ್ದು. ಕೈ ತಗುಲಿ ಉರುಳದ ಹಾಗೆ ಗಿಡ್ಡವಾಗಿ, ಅಗಲವಾಗಿ ಮಾಡಿರುತ್ತಾರೆ.

ಸಾಮಾನ್ಯವಾಗಿ ಹೇಳುವ ಪರೀಕ್ಷೆ ಹೀಗಿದೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಬಾಟಲಿಯ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದೆ. ಉಗುರಿನಿಂದ ಅದನ್ನು ಮೇಲಕ್ಕೆ ಹಿಂಬಾಲಿಸಿ. ಕತ್ತಿನಲ್ಲೇ ಗೆರೆ ಮಾಯವಾದರೆ ಬಾಯಿಯನ್ನು ಆಮೇಲೆ ಕೈಯಲ್ಲಿ ತಿದ್ದಿದ್ದಾರೆ. ಗೆರೆ ಬಾಯಿ ದಾಟಿ ಹೋದರೆ ಯಂತ್ರದ ಬಾಟಲಿ, 20ನೇ ಶತಮಾನದ್ದು. ಓವೆನ್ಸ್ ಅವರ ಬಾಟಲಿ ಯಂತ್ರ ಅಮೆರಿಕದಲ್ಲಿ ಬಂದದ್ದು 1903ರ ಸುಮಾರಿಗೆ, ಬೇರೆ ಕಡೆ ಹರಡಿದ್ದು ಅದರ ನಂತರ. ಬಾಯಿ ತಿದ್ದುವಾಗ ಬಾಟಲಿಯನ್ನು ಹಿಡಿಯಲು ಬುಡಕ್ಕೆ ಅಂಟಿಸಿದ್ದ ಸರಳನ್ನು ಕಿತ್ತ ಒರಟು ಗಾಯ ಅಲ್ಲಿ ಇದ್ದರೆ ಇನ್ನೂ ಹಿಂದಿನದು, ಹೆಚ್ಚಾಗಿ 1860ರ ದಶಕಕ್ಕೆ ಮೊದಲಿನದು.

ಆದರೆ ನಿಮ್ಮ ಐದರಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಅವುಗಳ ಗೆರೆ ಬಾಯಿಯ ತುದಿಯವರೆಗೂ ಹೋಗುತ್ತದೆ. ಅದನ್ನು ನೋಡಿ ಯಂತ್ರದ್ದು, ಹೊಸದು ಅಂತ ಬಿಸಾಕಿದವರಿದ್ದಾರೆ. ನಿಜ ಬೇರೆ. ಇವು ಆ ಕಾಲದ ಅತಿ ಅಗ್ಗದ ಇಂಕ್ ಬಾಟಲಿಗಳು. ಇಂಗ್ಲೆಂಡಿನಲ್ಲಿ 'ಪೆನ್ನಿ ಇಂಕ್' ಅನ್ನುತ್ತಿದ್ದರು. ಅಚ್ಚಿನಲ್ಲಿ ಊದಿ, ಊದುಕೊಳವೆಯಿಂದ ಕಿತ್ತು, ಬಾಯಿಯನ್ನು ತಿದ್ದದೆ ಹಾಗೇ ಬಿಡುತ್ತಿದ್ದರು. ಬೆಂಡು ತುರುಕಿ ಮೇಲೆ ಅರಗು ಹಾಕಿದರೆ ಮುಗಿಯಿತು. ಒಂದು ಕೆಲಸ ಉಳಿದರೆ ಅಷ್ಟು ಖರ್ಚು ಉಳಿಯಿತು. ಆದ್ದರಿಂದ ಆ ಒರಟು ಬಾಯಿ ಮುರಿದದ್ದಲ್ಲ, ಹುಟ್ಟಿನಿಂದಲೇ ಹಾಗಿದೆ. ಸುಮಾರು 1870ರ ದಶಕದಿಂದ ಮೊದಲ ಮಹಾಯುದ್ಧದ ಆಚೀಚಿನವರೆಗೆ ಹೀಗೆ ಮಾಡುತ್ತಿದ್ದರು. ಅದನ್ನು ಉಜ್ಜಿ ನುಣುಪು ಮಾಡಿದರೆ ಬಾಟಲಿಯ ಹುಟ್ಟಿನ ದಾಖಲೆಯನ್ನೇ ಅಳಿಸಿದಂತೆ. ಆಮೇಲೆ ಯಾವ ಸಂಗ್ರಾಹಕರೂ ಅದನ್ನು ಮುಟ್ಟುವುದಿಲ್ಲ. ಅಂಚು ಹರಿತವಾಗಿರುತ್ತದೆ, ಕೈ ಜೋಪಾನ.

ಕಡುನೀಲಿಯದು ಇಂಕಿನದಲ್ಲ ಅಂತ ನನ್ನ ಅಂದಾಜು. ಗೀರುಗೀರು ಮೈ, ಕೋಬಾಲ್ಟ್ ನೀಲಿ, ಇವು ವಿಷದ ಬಾಟಲಿಯ ಗುರುತು. ಕತ್ತಲಲ್ಲಿ ಔಷಧಿ ಹುಡುಕುವವರ ಕೈಗೆ ತಡೆ ಸಿಗಲಿ ಅಂತ ಗೀರು ಹಾಕುತ್ತಿದ್ದರು. 'ನಾಟ್ ಟು ಬಿ ಟೇಕನ್' ಅಂತ ಉಬ್ಬಕ್ಷರ ಇದೆಯೇ ನೋಡಿ. ಇದ್ದರೆ ಖಚಿತ. ಒಳಗೆ ಏನಾದರೂ ಉಳಿದಿದ್ದರೆ ಮೂಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ತೊಳೆದ ಮೇಲೂ ಎಣ್ಣೆ, ನೀರು ಹಾಕಿಡಲು ಬಳಸಲೇಬೇಡಿ. ಗೋಲಿ ಇರುವುದು ಸೋಡಾ ಬಾಟಲಿ. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿದ ವಿನ್ಯಾಸ ಅದು. ನಮ್ಮ ಕಡೆ ತೀರಾ ಈಚಿನವರೆಗೂ ಓಡಾಡಿದೆ. ತಿರುಪು ಮುಚ್ಚಳದ ಎರಡು ಬಹುಶಃ ಫೌಂಟನ್ ಪೆನ್ ಕಾಲದವು. ಕ್ಯಾಮ್ಲಿನ್ ಕಂಪನಿ ಹುಟ್ಟಿದ್ದು 1931ರಲ್ಲಿ, ಪಾರ್ಕರ್ ಕ್ವಿಂಕ್ ಬಂದದ್ದೂ ಅದೇ ವರ್ಷ, ಸ್ವದೇಶಿ ಇಂಕು ಸುಲೇಖಾ 1934ರಲ್ಲಿ. ಬುಡದಲ್ಲಿ ಹೆಸರು ಇದೆಯೇ ಹುಡುಕಿ.

ಒಟ್ಟಿನಲ್ಲಿ ನಿಮ್ಮ ಹಿತ್ತಿಲ ಗುಂಡಿ ಒಂದೇ ದಿನದ್ದಲ್ಲ. ಮನೆಯ ಬೂದಿ, ಕಸ ಸುರಿಯುತ್ತಾ ಹಲವು ದಶಕ ತುಂಬಿದ ಗುಂಡಿ. ಹಾಗಿದ್ದರೆ ತಿರುಪು ಮುಚ್ಚಳದವು ಮೇಲುಗಡೆ, ಜಾಡಿಗಳು ಕೆಳಗಡೆ ಸಿಕ್ಕಿರಬೇಕು. ಮೇಸ್ತ್ರಿಯನ್ನು, ಆಳುಗಳನ್ನು ಈಗಲೇ ಕೇಳಿ ಬರೆದಿಡಿ. ಒಂದು ವಾರ ಕಳೆದರೆ ಅವರಿಗೂ ಮರೆತುಹೋಗುತ್ತದೆ. ಯಾವ ಆಳದಲ್ಲಿ, ಯಾವುದರ ಜೊತೆ ಯಾವುದು ಸಿಕ್ಕಿತು ಅನ್ನುವುದು ನನಗೆ ಬಾಟಲಿಯಷ್ಟೇ ಬೆಲೆಯ ಮಾಹಿತಿ.

ಬೆಲೆಯ ವಿಷಯಕ್ಕೆ ಬಂದರೆ ಬೇಸರವಾಗಬಹುದು, ಆದರೂ ಹೇಳಬೇಕು. ಡೆನ್ಬಿ ಜಾಡಿಗಳು ಹಳೆಯವು ಹೌದು, ಅಪರೂಪದವಲ್ಲ. ಲೆಕ್ಕವಿಲ್ಲದಷ್ಟು ಮಾಡಿದ್ದಾರೆ, ಗಟ್ಟಿಯಾಗಿರುವುದರಿಂದ ಬೇಕಾದಷ್ಟು ಉಳಿದಿವೆ. ಇಂಗ್ಲೆಂಡಿನಲ್ಲೇ ಕೆಲವು ಪೌಂಡಿಗೆ ಸಿಗುತ್ತವೆ. ನಮ್ಮಲ್ಲಿ ಒಂದಕ್ಕೆ ಕೆಲವು ನೂರು ರೂಪಾಯಿ, ಮುಕ್ಕಾಗದೆ ಮುದ್ರೆ ಸ್ಪಷ್ಟವಾಗಿದ್ದರೆ ಸಾವಿರದ ಆಚೀಚೆ. ಪೆನ್ನಿ ಇಂಕುಗಳು ಅದಕ್ಕೂ ಕಡಿಮೆ. ನೀಲಿ ಬಾಟಲಿಗೆ ಬಣ್ಣದಿಂದಾಗಿ ಸ್ವಲ್ಪ ಗಿರಾಕಿ ಇದೆ. 80,000 ಅನ್ನುವುದು ಕನಸಿನ ಮಾತು.

ಹಾಗಾದರೆ ಯಾವ ಇಂಕ್ ಬಾಟಲಿಗೆ ನಿಜವಾಗಿ ಹಣ ಬರುತ್ತದೆ? ಬಣ್ಣ ಮೊದಲು. ತಿಳಿ ಹಸಿರು ಸಾಮಾನ್ಯ. ಕಡುನೀಲಿ, ಪಚ್ಚೆ, ಜೇನುಬಣ್ಣದವು ಕಡಿಮೆ. ಆಮೇಲೆ ಆಕಾರ. ಬಾಗಿಲು, ಕಿಟಕಿ, ಛಾವಣಿ ಇರುವ ಪುಟ್ಟ ಮನೆಯಂಥವು, ಟೀ ಕೆಟಲ್‌ನಂತೆ ಪಕ್ಕಕ್ಕೆ ಮೂತಿ ಇರುವವು ಸಿಕ್ಕಿದರೆ ಸಂಗ್ರಾಹಕರು ಪೈಪೋಟಿಗೆ ಬೀಳುತ್ತಾರೆ. ಬುಡದಲ್ಲಿ ಅಥವಾ ಪಕ್ಕದಲ್ಲಿ ವಜ್ರಾಕಾರದ ಚೌಕಟ್ಟು, ಅದರ ಮೂಲೆಗಳಲ್ಲಿ ಅಕ್ಷರ, ಅಂಕಿ ಇದ್ದರೆ ಅದು ಬ್ರಿಟನ್ನಿನ ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರವರೆಗೆ ಬಳಸಿದ್ದು. ಅದರಿಂದ ವಿನ್ಯಾಸ ನೋಂದಣಿಯಾದ ದಿನವೇ ಸಿಗುತ್ತದೆ. ನಿಮ್ಮ ಎಂಟು ಮೂಲೆಯವನ್ನು ಇದಕ್ಕಾಗಿ ಒಮ್ಮೆ ತಿರುಗಿಸಿ ನೋಡಿ. ಬಾಟಲಿಗೆ ಅಂಟಿಸಿದ ಕಾಗದದ ಚೀಟಿ (ಲೇಬಲ್) ಉಳಿದಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ, ಆದರೆ ಮಣ್ಣಿನಲ್ಲಿ ಅದು ಉಳಿಯುವುದು ಕಷ್ಟ. ಚೀಟಿ ಎಷ್ಟು ಮುಖ್ಯ ಅನ್ನುವುದಕ್ಕೆ ಮೈಸೂರಿನದೇ ಉದಾಹರಣೆ ಇದೆ. ಸಣ್ಣ ಕಂದು ಸೀಸೆ ತಂದು 'ಇದು ಚುನಾವಣೆ ಇಂಕಿನದು' ಅನ್ನುವವರಿದ್ದಾರೆ. 1937ರಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಬೆರಳಿನ ಇಂಕು ಕೊಡುತ್ತಾ ಬಂದಿದೆ, ಅದು ನಮ್ಮೂರ ಹೆಮ್ಮೆ. ಆ ಇಂಕಿನಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕಿಗೆ ಕಪ್ಪಾಗುತ್ತದೆ, ಅದಕ್ಕೇ ಕಂದು ಸೀಸೆ. ಔಷಧಿ ಅಂಗಡಿಯವರೂ ಅಂಥದ್ದೇ ಕಂದು ಸೀಸೆ ಬಳಸುತ್ತಿದ್ದರು. ಚೀಟಿ ಇಲ್ಲದೆ ಇದು ಅದೇ ಅಂತ ನಾನು ಯಾರಿಗೂ ಬರೆದುಕೊಡುವುದಿಲ್ಲ.

ನೇರಳೆ ಬಣ್ಣದ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಾಜಿನ ಹಸಿರನ್ನು ಕಳೆಯಲು ಕೆಲವರು ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಬಣ್ಣವಿಲ್ಲದ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ತೆಳು ನೇರಳೆಗೆ ತಿರುಗುತ್ತದೆ. ನಿಮ್ಮವು ಹಸಿರು, ಆ ಜಾತಿಯವಲ್ಲ. ಮಣ್ಣಿನಡಿ ಇದ್ದವಕ್ಕೆ ಬಿಸಿಲೂ ತಾಗಿಲ್ಲ. ಟೆರೇಸ್ ಮೇಲಿಟ್ಟರೆ ಬಣ್ಣ ಬರುವುದಿಲ್ಲ, ಬಿರುಕು ಬರಬಹುದು. ಮಾರುಕಟ್ಟೆಯಲ್ಲಿ ಕಾಣುವ ಗಾಢ ನೇರಳೆ ಬಾಟಲಿಗಳಲ್ಲಿ ಎಷ್ಟೋ ವಿಕಿರಣ ಹಾಯಿಸಿ ಮಾಡಿದವು. ಬಲ್ಲವರು ಅವನ್ನು ದೂರ ಇಡುತ್ತಾರೆ.

ಕೆಲವು ಬಾಟಲಿಗಳ ಮೇಲೆ ಕಾಮನಬಿಲ್ಲಿನ ಹೊಳಪು ಕಂಡರೆ ಅದನ್ನು ಕೊಳೆ ಅಂತ ಉಜ್ಜಬೇಡಿ. ಒದ್ದೆ ಮಣ್ಣು ಗಾಜಿನ ಕ್ಷಾರವನ್ನು ನಿಧಾನವಾಗಿ ಎಳೆದುಕೊಂಡಾಗ ಮೇಲ್ಮೈ ಪದರ ಪದರವಾಗಿ ಬಿಡುತ್ತದೆ. ಹೊಳೆಯುವುದು ಆ ಪದರ. ಉಜ್ಜಿದರೆ ಗಾಜೇ ಉದುರುತ್ತದೆ. ಮಾರುವವರು ಎಣ್ಣೆ ಸವರಿ ಅದನ್ನು ಮರೆಮಾಡುವುದುಂಟು, ನೀವು ಹಾಗೆ ಮಾಡಬೇಡಿ.

ತೊಳೆಯುವುದಾದರೆ ಮೊದಲು ನೆರಳಿನಲ್ಲಿ ಬಟ್ಟೆಯ ಮೇಲಿಟ್ಟು ನಿಧಾನವಾಗಿ ಒಣಗಿಸಿ. ನೆಲದಿಂದ ಬಂದದ್ದನ್ನು ನೇರ ಬಿಸಿನೀರಿಗೆ ಹಾಕಿದರೆ ಚಟ್ ಅಂತ ಬಿರಿಯುತ್ತದೆ. ಸಾಮಾನ್ಯ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬ್ರಷ್ಷು ಸಾಕು. ಪದರ ಬಿಡುತ್ತಿರುವ ಗಾಜಿಗೆ ನೀರೂ ಬೇಡ, ಒಣ ಮೆತ್ತನೆ ಬ್ರಷ್ಷಿನಲ್ಲಿ ಮಣ್ಣು ತಟ್ಟಿ ಬಿಡಿ. ಒಳಗೆ ಮರಳು, ಕಲ್ಲು ಹಾಕಿ ಕುಲುಕುವ ಹಳೇ ಉಪಾಯ ಬೇಡ, ಗೀರು ಬೀಳುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅಂತೂ ಹತ್ತಿರವೂ ತರಬೇಡಿ. ಇಂಕಿನ ಚರಟ ಹಲವು ದಿನ ನೀರು ಬದಲಿಸುತ್ತಾ ನೆನೆಸಿದರೆ ಬಹುಪಾಲು ಬಿಡುತ್ತದೆ. ಆದರೆ ಒಂದು ಬಾಟಲಿಯನ್ನು ಚರಟದ ಸಮೇತ ಹಾಗೇ ಇಡಿ ಅನ್ನುವುದು ನನ್ನ ಕೋರಿಕೆ. ಒಳಗಿದ್ದದ್ದು ಇಂಕೇ ಅನ್ನುವುದಕ್ಕೆ ಸಾಕ್ಷಿ ಅದೊಂದೇ.

ಕಾನೂನಿನ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ, ಹೆದರುವಂಥದ್ದೂ ಅಲ್ಲ. ನೆಲದಲ್ಲಿ ಹುದುಗಿ ಸಿಕ್ಕ ಬೆಲೆಯುಳ್ಳ ವಸ್ತುಗಳಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಅದು ಜಿಲ್ಲಾಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ. ಮನೆಯವರೇ ಎಸೆದ ಇಂಕ್ ಬಾಟಲಿಗಳನ್ನು ಯಾರೂ ನಿಧಿ ಅಂತ ಎತ್ತಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. ಆದರೂ ಫೋಟೋ ಇಟ್ಟು, ಇಂಥ ದಿನ ಇಂಥ ಜಾಗದಲ್ಲಿ ಇಷ್ಟು ಬಾಟಲಿ ಸಿಕ್ಕವು ಅಂತ ತಹಶೀಲ್ದಾರರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಯಾರೂ ಬೆರಳು ತೋರಿಸುವಂತಿಲ್ಲ. ನಾಣ್ಯ, ವಿಗ್ರಹ, ಆಯುಧ, ಬರವಣಿಗೆ ಇರುವ ಕಲ್ಲು ಬಂದರೆ ಮಾತ್ರ ಕೆಲಸ ನಿಲ್ಲಿಸಿ ಆ ದಿನವೇ ತಿಳಿಸಬೇಕು.

ಇನ್ನೊಂದು, 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ವಸ್ತು ಅದರ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದ ಗಿರಾಕಿ ಒಳ್ಳೆ ಬೆಲೆ ಹೇಳಿದರೂ ಪಾರ್ಸೆಲ್ ಮಾಡಬೇಡಿ. ನಿಮ್ಮ ಮಗನಿಗೆ ಇದನ್ನು ಮುಖ್ಯವಾಗಿ ಹೇಳಿ.

ಹೆಚ್ಚು ಅಗೆಸುವ ಆಸೆ ನನಗೆ ಅರ್ಥವಾಗುತ್ತದೆ. ಸಂಪಿಗೆ ಬೇಕಾದಷ್ಟು ತೋಡಿ, ಅದರಾಚೆ ಹುಡುಕಲು ಹೋಗಬೇಡಿ. ಹಳೇ ಕಸದ ಗುಂಡಿಯ ಮಣ್ಣು ಸಡಿಲ, ಬೂದಿ ಮಿಶ್ರ, ಅಂಚು ಕುಸಿಯುತ್ತದೆ. ಆಳೆತ್ತರ ತೋಡಿದ ಗುಂಡಿಯಲ್ಲಿ ಪಕ್ಕಕ್ಕೆ ಕೊರೆಯುತ್ತಾ ಹೋಗುವುದು ಪ್ರಾಣಕ್ಕೇ ಅಪಾಯ. ಗಾಜಿನ ಚೂರು ಬೇರೆ ಇರುತ್ತದೆ, ಆಳುಗಳಿಗೆ ದಪ್ಪ ಗ್ಲೌಸ್ ಕೊಡಿ, ಟೆಟನಸ್ ಇಂಜೆಕ್ಷನ್ ಆಗಿದೆಯೇ ಕೇಳಿ. ಇದರ ರುಚಿ ಹತ್ತಿ ಮಗ ಶ್ರೀರಂಗಪಟ್ಟಣದ ಕಡೆ ಹಾರೆ ಹಿಡಿದು ಹೊರಟರೆ ತಡೆಯಿರಿ. ಅಲ್ಲಿ ಸಂರಕ್ಷಿತ ಸ್ಮಾರಕಗಳ ಸುತ್ತ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

ಮುಂದೇನು ಮಾಡಬಹುದು? ಮಾರಬಹುದು, ಆದರೆ ಬರುವ ಹಣ ಹೆಚ್ಚಲ್ಲ, ಬಿಡಿಬಿಡಿಯಾಗಿ ಹೋದರೆ ಮನೆತನದ ಗುರುತೂ ಹೋಗುತ್ತದೆ. ಸಂಗ್ರಹಾಲಯಕ್ಕೆ ಕೊಡಬಹುದು. ಮೈಸೂರಿನಲ್ಲಿ ರಾಜ್ಯದ ಪುರಾತತ್ವ ಇಲಾಖೆಯ ಕಚೇರಿ ಇದೆ, ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ಕೊಡುವ ಮೊದಲು ಕೇಳಿ, ರಸೀದಿ ಪಡೆಯಿರಿ, ಎಲ್ಲಿ ಸಿಕ್ಕಿತು ಅನ್ನುವ ವಿವರ ಜೊತೆಗೆ ಕೊಡಿ. ಪ್ರದರ್ಶನಕ್ಕೆ ಇಡದೆ ಉಗ್ರಾಣದಲ್ಲೇ ಉಳಿಯುವ ಸಾಧ್ಯತೆಯೂ ಇದೆ, ಅದಕ್ಕೆ ತಯಾರಿರಿ.

ನನ್ನನ್ನು ಕೇಳಿದರೆ ಹನ್ನೊಂದನ್ನೂ ಒಟ್ಟಿಗೆ ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಅದಕ್ಕೆ ಕಾರಣ ಅಟ್ಟದ ಮೇಲಿರಬಹುದಾದ ಕಾಗದಗಳು. ಶಾನುಭೋಗಿಕೆ ಮುಗಿದದ್ದು ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆಯಿಂದ. ಅದಕ್ಕೆ ಮೊದಲಿನ ಲೆಕ್ಕಪುಸ್ತಕ, ಪತ್ರ ಏನಾದರೂ ಉಳಿದಿದೆಯೇ ಹುಡುಕಿ. ಅಕ್ಷರ ಕಂದು ಬಣ್ಣಕ್ಕೆ ತಿರುಗಿ, ಗೆರೆ ದಪ್ಪ ಇದ್ದ ಕಡೆ ಕಾಗದ ಸೀಳಿದ್ದರೆ ಅದು ಕಬ್ಬಿಣದ ಇಂಕಿನ ಬರಹ. ಆ ಪುಟದ ಮೇಲಿನ ತಾರೀಖು ನಿಮ್ಮ ಜಾಡಿಗಳ ವಯಸ್ಸನ್ನು ಯಾವ ತಜ್ಞರಿಗಿಂತಲೂ ಚೆನ್ನಾಗಿ ಹೇಳುತ್ತದೆ. ಅಂಥ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ನೀರು ತಾಗಿಸಬೇಡಿ.

ಇನ್ನೊಮ್ಮೆ ಫೋಟೋ ಕಳಿಸುವಾಗ ಪ್ರತಿ ಬಾಟಲಿಗೆ ಮೂರು ಬೇಕು: ನೇರ ಮುಂದಿನಿಂದ, ಬುಡದ್ದು, ಬಾಯಿಯದು. ಪಕ್ಕದಲ್ಲಿ ಶಾಲೆಯ ಸ್ಕೇಲ್ ಇಡಿ. ಜಾಡಿಯ ಮುದ್ರೆ ಮಸುಕಾಗಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. 'ಡರ್ಬಿ' ಆದ ಮೇಲೆ ಇನ್ನೊಂದು ಸಾಲು ಇದೆಯೇ ಅನ್ನುವುದು ನನಗೆ ಬೇಕು.